ಬೇರೊಂದು ಕರೆಯಲ್ಲಿದ್ದಾರೆ

"ನೀವು ಕರೆ ಮಾಡಿದ ಚಂದಾದಾರರು ಬೇರೊಂದು ಕರೆಯಲ್ಲಿದ್ದಾರೆ."

ಲಿಫ್ಟ್ ಮೆಕ್ಯಾನಿಕ್ ಫೋನನ್ನು ಕಿವಿಯಿಂದ ತೆಗೆದು, ಒತ್ತಿದ ನಂಬರು ಸರಿಯಾಗಿದೆಯೇ ಎಂದು ನೋಡಿದ. ಸರಿಯಾಗಿಯೇ ಇತ್ತು. ಅವನದೇ ನಂಬರು. ಬದುಕಿದೆಯೋ ಇಲ್ಲವೋ ನೋಡೋಣವೆಂದು ತನಗೆ ತಾನೇ ಕರೆ ಮಾಡಿದ್ದ. ಅಲ್ಲಿ ಇನ್ಯಾರೋ ಯಾರ ಜೊತೆಗೋ ಮಾತಾಡುತ್ತಿದ್ದರು.

ಹದಿನಾಲ್ಕು ಮಹಡಿಗಳ ಮೇಲಿನ ಮೋಟಾರು ಕೋಣೆಯಲ್ಲಿ ಊಟದ ಡಬ್ಬಿ ಅವನ ತೊಡೆಯ ಮೇಲೆ ತೆರೆದೇ ಇತ್ತು. ಮೂರು ವರ್ಷದ ಕರಾರಿಗೆ ಸಹಿ ಹಾಕಿ ಈ ದೇಶಕ್ಕೆ ಹೊರಟಾಗ ಹಳೆಯ ಗುಂಡಿ ಫೋನಿಗೆ ಆ ಸಿಮ್ ಹಾಕಿ ಅಕ್ಕನ ಕೈಗೆ ಕೊಟ್ಟಿದ್ದ. "ತಿಂಗಳಿಗೊಂದ್ಸಲ ರೀಚಾರ್ಜ್ ಮಾಡ್ಸು. ಆಗಾಗ ಅದರಿಂದ ನಿನ್ನ ಫೋನಿಗೇ ಒಂದು ಕಾಲ್ ಮಾಡ್ಕೊ. ಸುಮ್ನೆ ಬಿಟ್ರೆ ಕಂಪನಿಯವರು ನಂಬರನ್ನ ಬೇರೆಯವರಿಗೆ ಕೊಟ್ಬಿಡ್ತಾರೆ," ಎಂದು ಹತ್ತು ಸಲ ಹೇಳಿದ್ದ. ಅಷ್ಟು ಹಳೆಯ ನಂಬರು ಯಾಕೆಂದು ಅಕ್ಕ ಕೇಳಲಿಲ್ಲ. ಹನ್ನೊಂದು ವರ್ಷದ ಹಿಂದೆ ಮನೆ ಬಿಟ್ಟು ಹೋದ ತಮ್ಮನಿಗೆ ಬಾಯಿಪಾಠವಿದ್ದದ್ದು ಅದೊಂದೇ.

ಕೆಲಸ ಮುಗಿಸಿ ಅಕ್ಕನ ಫೋನಿಗೆ ಕರೆ ಮಾಡಿದ. "ನನ್ನ ಸಿಮ್ ಹೇಗಿದೆ?"

"ಅದಕ್ಕೇನಾಗತ್ತೆ? ಬೀರುವಲ್ಲಿ ಬೆಚ್ಚಗೆ ಮಲಗಿದೆ."

"ಮಧ್ಯಾಹ್ನ ಯಾರ ಹತ್ರನಾದ್ರೂ ಮಾತಾಡಿದ್ಯಾ ಅದರಲ್ಲಿ?"

"ನಾನ್ಯಾಕೆ ಮಾತಾಡ್ಲಿ? ಸ್ವಿಚ್ ಆಫ್ ಮಾಡಿಟ್ಟಿದೀನಿ," ಎಂದಳು ಅಕ್ಕ, ಕೇಳುವ ಮೊದಲೇ ಉತ್ತರ ಹೊಲಿದಿಟ್ಟವಳ ಹಾಗೆ. ಅವಳು ದರ್ಜಿ.

ಜೊತೆಗೆ ಕೆಲಸ ಮಾಡುವ ವೆಲ್ಡರನಿಗೆ ಹೇಳಿದ್ದೇ ತಪ್ಪಾಯಿತು. "ನಿನ್ನ ನಂಬರಿಂದ ಯಾರೋ ಊರಿಗೆಲ್ಲ ಟೋಪಿ ಹಾಕ್ತಿದ್ರೆ? ಪೊಲೀಸರು ಹುಡುಕೋದು ನಿನ್ನನ್ನೇ ಕಣಯ್ಯ," ಎಂದು ಅವನು ತಲೆಯಲ್ಲಿ ಹುಳ ಬಿಟ್ಟ. ಹುಳ ಅಲ್ಲಿಗೇ ನಿಲ್ಲಲಿಲ್ಲ. ಗಂಡ ಸತ್ತು ಆರು ವರ್ಷವಾದ ಅಕ್ಕ ಯಾರ ಜೊತೆ ಅಷ್ಟು ಹೊತ್ತು ಮಾತಾಡುತ್ತಾಳೆ? ತನ್ನದೇ ಫೋನಿರುವಾಗ ಇದರಲ್ಲೇ ಯಾಕೆ? ದಿನವೂ ಬಿಡುವಿನಲ್ಲಿ ನಂಬರು ಒತ್ತಿ ನೋಡತೊಡಗಿದ. ಬೇರೆ ದಿನಗಳಲ್ಲಿ ಫೋನು ರಿಂಗಾಗಿ ರಿಂಗಾಗಿ ನಿಲ್ಲುತ್ತಿತ್ತು. ಸ್ವಿಚ್ ಆಫ್ ಆದ ಫೋನು ರಿಂಗಾಗುವುದಿಲ್ಲ. ಮಂಗಳವಾರ ಮಾತ್ರ ಮುಕ್ಕಾಲು ಗಂಟೆ ಬಿಡುವೇ ಇಲ್ಲ. ಮಂಗಳವಾರ ಅಕ್ಕನ ಅಂಗಡಿಗೆ ರಜೆ.

ನಾಲ್ಕನೇ ಮಂಗಳವಾರ ಅವನು ತಡೆಯಲಾರದೆ ಮೋಟಾರು ಕೋಣೆಯಿಂದಲೇ ವಿಡಿಯೋ ಕರೆ ಮಾಡಿದ. "ಆ ಫೋನ್ ತೋರ್ಸು."

"ಈಗ್ಲಾ? ಬೀರು ತೆಗೀಬೇಕು ಕಣೋ."

"ತೆಗಿ. ಕಾಯ್ತೀನಿ."

ಅವಳು ಬೀರುವಿನ ಹತ್ತಿರ ಹೋಗಲೇ ಇಲ್ಲ. ಹೊಲಿಗೆ ಯಂತ್ರದ ಮೇಲಿನ ಬಟ್ಟೆ ಸರಿಸಿ ಫೋನೆತ್ತಿ ಹಿಡಿದಳು. ಪುಟ್ಟ ಪರದೆ ಹಸಿರಾಗಿ ಬೆಳಗುತ್ತಿತ್ತು.

"ಯಾರೇ ಅದು? ಯಾರಿಗೆ ಕೊಟ್ಟಿದೀಯ ನನ್ನ ನಂಬರ್? ನಾಚಿಕೆ ಆಗಲ್ವಾ ಸುಳ್ಳು ಹೇಳೋಕೆ?"

ಅಕ್ಕ ಕತ್ತಿಗೆ ಹಾಕಿಕೊಂಡಿದ್ದ ಅಳತೆ ಪಟ್ಟಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. "ಚಿಕ್ಕೋನು," ಎಂದಳು.

ಅವನು ಫೋನನ್ನು ಮುಖದ ಹತ್ತಿರಕ್ಕೆ ತಂದ. "ಯಾವಾಗಿಂದ?"

"ನೀನು ಹೋಗಿ ಎರಡು ತಿಂಗಳಿಗೆ. ಮುಂಚೆನೂ ಮಾಡ್ತಿದ್ನಂತೆ. ನೀನು ಹಲೋ ಅಂದ ತಕ್ಷಣ ಇಟ್ಬಿಡ್ತಿದ್ನಂತೆ. ಈ ಸಲ ನನ್ನ ದನಿ ಕೇಳಿ ಮಾತಾಡ್ದ."

ಆ ಮೂಕ ಕರೆಗಳು ಅವನಿಗೆ ನೆನಪಿದ್ದವು. ವರ್ಷಕ್ಕೆರಡೋ ಮೂರೋ. ಯಾರೋ ಪೋಲಿಗಳೆಂದು ಬೈದುಕೊಳ್ಳುತ್ತಿದ್ದ.

ಅಮ್ಮನ ಸರ ಕಾಣೆಯಾದ ದಿನ ಅವನು ತಮ್ಮನನ್ನು ಬೀದಿಗೆಳೆದು, ನೆರೆಹೊರೆಯವರ ಎದುರಿಗೆ ಜೇಬು ತಡಕಿ ಹೊಡೆದಿದ್ದ. ಹುಡುಗ ಹೋದ ಮೂರನೇ ತಿಂಗಳು ಸರ ಮಂಚದ ಹಲಗೆಯ ಸಂದಿಯಲ್ಲಿ ಸಿಕ್ಕಿತು.

"ಸರ ಸಿಕ್ಕಿದ್ದು ಹೇಳಿದ್ಯಾ?"

"ಮೊದಲ ದಿನವೇ ಹೇಳ್ದೆ. 'ನಂಗೆ ಗೊತ್ತಿತ್ತಲ್ಲ ಅಕ್ಕ, ನಾನು ತಗೊಂಡಿಲ್ಲ ಅಂತ,' ಅಂದ. ಅಷ್ಟೇ. ನಿಂಗೆ ಹೇಳಿದ್ರೆ ಮತ್ತೆ ಕಾಲ್ ಮಾಡಲ್ಲ ಅಂತ ಆಣೆ ಹಾಕಿಸ್ಕೊಂಡಿದಾನೆ. ನಾನೇನು ಮಾಡ್ಲಿ, ಹೇಳು?"

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಗುಂಡಿ ಫೋನು ಬಡಿದುಕೊಳ್ಳತೊಡಗಿತು. ಅಕ್ಕ ಗಾಬರಿಯಿಂದ ಅದನ್ನೂ ಇವನನ್ನೂ ನೋಡಿದಳು. ಅವನು ಕೈ ಬಾಯಿಗೆ ಒತ್ತಿ, ಎತ್ತು ಎಂದು ಕಣ್ಣಲ್ಲೇ ಹೇಳಿದ.

ಸ್ಪೀಕರಿನಲ್ಲಿ ಕೇಳಿದ್ದು ಗಂಡಸಿನ ದನಿ. ಬಿಟ್ಟುಹೋದಾಗ ಇನ್ನೂ ಒಡೆಯುತ್ತಿದ್ದ ಗಂಟಲು ಅದು. "ಅಕ್ಕಾ, ಊಟ ಆಯ್ತಾ? ನಿನ್ನ ಸೊಸೆಯದು ಇವತ್ತು ದೊಡ್ಡ ರಾಮಾಯಣ. ಮುಂದಿನ ಹಲ್ಲು ಬಿದ್ದಿದೆ, ಶಾಲೆಗೆ ಹೋಗಲ್ಲ ಅಂತಾಳೆ."

ಕಟ್ಟಡದ ಕೆಳಗೆಲ್ಲೋ ಯಾರೋ ಲಿಫ್ಟಿನ ಗುಂಡಿ ಒತ್ತಿದರು. ಅವನ ಬೆನ್ನ ಹಿಂದೆ ಮೋಟಾರು ಗುರ್ರೆಂದು ತಿರುಗಿ, ನಿಂತಿತು.

ಅತ್ತ ಮಾತು ನಿಂತಿತು. "ಅದೇನು ಸದ್ದು? ಯಾರಿದಾರೆ ಅಲ್ಲಿ?"

"ಯಾರೂ ಇಲ್ಲ ಕಣೋ," ಎಂದಳು ಅಕ್ಕ. "ನಾನೊಬ್ಳೇ."

ಕರೆ ಕಡಿಯಿತೆಂದೇ ಅವನು ಅಂದುಕೊಂಡ. ಆಮೇಲೆ ತಮ್ಮ ಗಂಟಲು ಸರಿಮಾಡಿಕೊಂಡ.

"ಏನಂದೆ, ಹಲ್ಲಲ್ವಾ," ಎಂದು ಮೊದಲಿಂದ ಶುರುಮಾಡಿದ, ಆಗಿನದಕ್ಕಿಂತ ತುಸು ಗಟ್ಟಿಯಾಗಿ, ಪಕ್ಕದ ಕೋಣೆಯವರಿಗೂ ಕೇಳಿಸುವ ಹಾಗೆ.