ಅರ್ಧಚಂದ್ರನ ನೇರ ಗೆರೆ

ಹಲ್ಲಿನ ಮೇಸ್ತ್ರಿಗೆ ತನ್ನ ಸಾಮಾನುಗಳ ಮೇಲೆ ಯಾವತ್ತೂ ಪೂರ್ತಿ ನಂಬಿಕೆ ಇರಲಿಲ್ಲ. ನಂಬಿಕೆ ಇದ್ದದ್ದು ಬಲಗಣ್ಣಿನ ಮೇಲೆ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಹಲ್ಲು ಮಾಡಿಕೊಡುವುದು ಅವನ ಕಸುಬು. ಎಡಗಣ್ಣು ಮುಚ್ಚಿ, ಬಲಗಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತನೆಂದರೆ ಹಲ್ಲಿನ ಅಂಚು ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಈ ಊರಿನ ಅರ್ಧ ಜನ ನಗುವುದು ನನ್ನ ಹಲ್ಲಿನಿಂದಲೇ ಎಂದು ಹೇಳಿಕೊಂಡು ತಿರುಗುತ್ತಿದ್ದ. ಜಂಬ ಹೌದು, ಆದರೆ ತೀರಾ ಸುಳ್ಳೇನಲ್ಲ.

ಈಚೆಗೆ ಹಲ್ಲುಗಳು ವಾಪಸು ಬರತೊಡಗಿದ್ದವು. ಅಂಚು ಸರಿಯಾಗಿ ಕೂರುತ್ತಿಲ್ಲ, ಒಂದು ಕಡೆ ಎದ್ದುಕೊಳ್ಳುತ್ತದೆ ಎಂದು ವೈದ್ಯರು ಮೊದಲು ಮೆತ್ತಗೆ ಹೇಳಿದರು, ಆಮೇಲೆ ಅಷ್ಟು ಮೆತ್ತಗೆ ಹೇಳಲಿಲ್ಲ. ಇನ್ನೊಂದು ಹೀಗಾದರೆ ಕೆಲಸ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದರು. ಮೇಸ್ತ್ರಿ ಹಲ್ಲಿನ ಮಾದರಿ ಮಾಡುವ ಮೇಣವನ್ನು ಬೈದ. ಮೇಜಿನ ದೀಪ ಬದಲಿಸಿದ. ಕೊನೆಗೆ ಅಚ್ಚು ತೆಗೆಯಲು ಬಾರದ ವೈದ್ಯರನ್ನೇ ಬೈದ, ಅವರಿಗೆ ಕೇಳಿಸದಷ್ಟು ದೂರದಲ್ಲಿ ನಿಂತು.

"ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ ಅಂದ್ರೆ ಅದೇನು ಹಟ ರೀ ನಿಮ್ದು?" ಎಂದು ಹೆಂಡತಿ ದಿನಾ ಕೇಳುತ್ತಿದ್ದಳು.

"ಚಂದ್ರನ ಮೇಲಿನ ಗುಂಡಿ ನೋಡೋ ಕಣ್ಣು ಕಣೇ ಇದು. ಇದನ್ನ ಯಾರಿಗೆ ತೋರಿಸ್ಲಿ?" ಎನ್ನುತ್ತಿದ್ದ ಅವನು.

ಅವಳಿಗೆ ಹೇಳದಿದ್ದ ವಿಷಯವೆಂದರೆ, ಆ ಚಂದ್ರನೂ ಕೈಕೊಟ್ಟಿದ್ದ. ಅರ್ಧಚಂದ್ರನಲ್ಲಿ ಬೆಳಕೂ ಕತ್ತಲೆಯೂ ಸೇರುವ ಕಡೆ ಒಂದು ಗೆರೆ ಬರುತ್ತದಲ್ಲ, ಅಡಿಪಟ್ಟಿ ಇಟ್ಟು ಎಳೆದ ಹಾಗೆ ನೇರವಾಗಿ, ಆ ಗೆರೆ ಹೋದ ತಿಂಗಳು ಅವನು ಚಂದ್ರನನ್ನು ನೋಡಲೆಂದೇ ಇಟ್ಟುಕೊಂಡಿದ್ದ ಟೆಲಿಸ್ಕೋಪಿನಲ್ಲಿ ನಡುವೆ ಬಗ್ಗಿಕೊಂಡಿತ್ತು. ಕಣ್ಣಿಟ್ಟು ನೋಡುವ ಐಪೀಸೇ ಹಳತಾಗಿ ಕೆಟ್ಟಿದೆ ಎಂದು ಮೇಸ್ತ್ರಿ ಅಲ್ಲೇ ತೀರ್ಪು ಕೊಟ್ಟುಬಿಟ್ಟ. ಹೊಸದು ತರಿಸಿದ. ಹೊಸದರಲ್ಲಿ ಗೆರೆ ನೇರವಾಗಿ ಕಂಡರೆ ಕಣ್ಣು ಸರಿಯಿದೆ, ಕೈ ಸರಿಯಿದೆ, ಕಸುಬೂ ಉಳಿಯುತ್ತದೆ. ಕಾಣದಿದ್ದರೆ ಎಂಬ ಕಡೆಗೆ ಅವನು ಯೋಚನೆಯನ್ನು ಹೋಗಗೊಡಲಿಲ್ಲ.

ಐಪೀಸು ಬಂದದ್ದು ಒಳ್ಳೆ ಹೊತ್ತಿಗೇ. ಅವತ್ತು ಕತ್ತಲಾಗುವ ಮೊದಲೇ ಅರ್ಧಚಂದ್ರ ಹಿತ್ತಲಿನ ಮೇಲೆ ಬಂದು ನಿಂತಿದ್ದ. ಟೈರ್ ಅಂಗಡಿ ಇಟ್ಟಿದ್ದ ಭಾಮೈದ ಅಂಗಡಿ ಬೇಗ ಮುಚ್ಚಿ ಬಂದು, ಟೆಲಿಸ್ಕೋಪನ್ನು ಎತ್ತಿ ಬಟ್ಟೆ ಒಣಗಿಸುವ ತಂತಿಯ ಆಚೆ ಇಟ್ಟುಕೊಟ್ಟ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಳು. ಹಿತ್ತಲ ದೀಪ ಹಾಕಬಾರದೆಂದು ಅವಳಿಗೆ ಕಟ್ಟಪ್ಪಣೆಯಾಗಿತ್ತು.

ಮೇಸ್ತ್ರಿ ಐಪೀಸನ್ನು ಕೊಳವೆಗೆ ಇಳಿಸಿ, ತಿರುಪು ಬಿಗಿದು, ಬಲಗಣ್ಣಿಟ್ಟ. ಚಂದ್ರ ತುಂಬಿಕೊಂಡು ಬಂದ. ಇಷ್ಟು ದೊಡ್ಡದಾಗಿ ಅವನು ಎಂದೂ ಕಂಡಿರಲಿಲ್ಲ. ನಡುವೆ ಮಾತ್ರ ಗೆರೆ ಬಗ್ಗಿತ್ತು. ಹೋದ ತಿಂಗಳಿಗಿಂತ ಒಂದಿಷ್ಟು ಜಾಸ್ತಿಯೇ ಬಗ್ಗಿತ್ತು.

ಆದರೂ ಕಸುಬುದಾರ ಅಷ್ಟು ಬೇಗ ಸೋಲೊಪ್ಪುವುದಿಲ್ಲ. ದೋಷ ಐಪೀಸಿನದಾದರೆ ಅದನ್ನು ತಿರುಗಿಸಿದಾಗ ಬಾಗೂ ಜೊತೆಗೆ ತಿರುಗಬೇಕು. ತಿರುಪು ಸಡಿಲಿಸಿ ಐಪೀಸನ್ನು ಕಾಲು ಸುತ್ತು ತಿರುಗಿಸಿದ. ಬಾಗು ಇದ್ದಲ್ಲೇ ಇತ್ತು. ಪೂರ್ತಿ ಒಂದು ಸುತ್ತು ಹಾಕಿದರೂ ಅದು ಜಪ್ಪಯ್ಯ ಅನ್ನಲಿಲ್ಲ.

"ಒಳಗಿನ ಕನ್ನಡಿನೇ ಕೆಟ್ಟಿರ್ಬೇಕು," ಎಂದ ಗಟ್ಟಿಯಾಗಿ. "ಬಾರಪ್ಪ, ನೀನು ನೋಡು. ಗೆರೆ ಬಗ್ಗಿದೆ ತಾನೆ?"

ಭಾಮೈದ ಬಗ್ಗಿ ನೋಡಿದ. "ಹೌದು ಭಾವ. ಬಗ್ಗಿದೆ."

ಮೇಸ್ತ್ರಿಗೆ ಹೋದ ಜೀವ ಬಂದಂತಾಯಿತು. ಸಂತೋಷಕ್ಕೆ ಭಾಮೈದನ ಬೆನ್ನು ತಟ್ಟಿದ. ಕನ್ನಡಿ ಕೆಟ್ಟರೆ ಕನ್ನಡಿ ತರಿಸೋಣ, ಅದಕ್ಕೇನು. "ಕೇಳಿಸ್ತೇನೇ? ನಿನ್ನ ತಮ್ಮನಿಗೂ ಕಾಣ್ತಿದೆ."

"ನಾನೂ ನೋಡ್ತೀನಿ, ತಡೀರಿ," ಎಂದು ಹೆಂಡತಿ ಇಳಿದು ಬಂದಳು. ಈ ಟೆಲಿಸ್ಕೋಪನ್ನು ಸವತಿ ಎಂದು ಕರೆಯುತ್ತಿದ್ದವಳು, ಅದರ ಹತ್ತಿರ ಸುಳಿದವಳೇ ಅಲ್ಲ. ಕಣ್ಣಿಟ್ಟವಳು ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ.

"ಎಷ್ಟು ಚೆನ್ನಾಗಿದೆ ರೀ," ಎಂದಳು ಕೊನೆಗೆ. "ಮೊದಲೇ ಯಾಕೆ ತೋರಿಸ್ಲಿಲ್ಲ ನೀವು?"

"ಗೆರೆ ನೋಡೇ, ಗೆರೆ."

"ನೋಡ್ತಾ ಇದೀನಲ್ಲ. ನೇರವಾಗಿದೆ. ಚಾಕೂನಲ್ಲಿ ಕುಯ್ದ ಹಾಗಿದೆ."

ಮೇಸ್ತ್ರಿ ಭಾಮೈದನ ಕಡೆ ತಿರುಗಿದ. "ಇವಳಿಗೆ ಗೊತ್ತಾಗಲ್ಲ. ನೀನು ಹೇಳು, ಯಾವ ಕಡೆಗೆ ಬಗ್ಗಿತ್ತು?"

ಭಾಮೈದ ಒಮ್ಮೆ ಅಕ್ಕನನ್ನು ನೋಡಿದ, ಒಮ್ಮೆ ಭಾವನನ್ನು ನೋಡಿದ. ಪಾಪ, ದಿನವಿಡೀ ಗಿರಾಕಿ ಅಂದದ್ದಕ್ಕೆಲ್ಲ ಹೂಂಗುಟ್ಟಿ ಬದುಕುವ ಮನುಷ್ಯ. "ನೀವು ಹೇಳಿದ ಕಡೆಗೇ ಭಾವ," ಎಂದ.

ನಾನು ಯಾವ ಕಡೆಯನ್ನೂ ಹೇಳೇ ಇರಲಿಲ್ಲವಲ್ಲ ಎಂದು ಮೇಸ್ತ್ರಿಗೆ ಹೊಳೆಯಿತು. ಅವನು ಭಾಮೈದನ ಮುಖವನ್ನೇ ನೋಡಿದ. ಭಾಮೈದ ತಲೆ ತಗ್ಗಿಸಿದ. "ನಿಮಗೆ ಸಮಾಧಾನ ಆಗ್ಲಿ ಅಂತ ಹೇಳಿದೆ," ಎಂದು ತನ್ನ ಪಾಡಿಗೆ ಗೊಣಗಿಕೊಂಡ.

ಇನ್ನು ಉಳಿದದ್ದು ಒಂದೇ ದಾರಿ. ಅದು ಮೊದಲಿನಿಂದಲೂ ಇತ್ತು, ಮೇಸ್ತ್ರಿಗೆ ಬೇಡವಾಗಿತ್ತು. ಹೆಂಡತಿಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ಬಲಗಣ್ಣು ಮುಚ್ಚಿ, ಎಡಗಣ್ಣಿಟ್ಟ. ಯಾವ ಕೆಲಸಕ್ಕೂ ಕರೆಯದೆ ಮೂಲೆಗೆ ತಳ್ಳಿದ್ದ ಆ ಕಣ್ಣು ಮೊದಲು ತಡಕಾಡಿತು. ಆಮೇಲೆ ಚಂದ್ರ ನೆಲೆಗೆ ಬಂದ. ಗೆರೆ ನೇರವಾಗಿತ್ತು. ಅದರ ಉದ್ದಕ್ಕೂ ಗುಂಡಿಗಳ ಅಂಚು ಒಂದೊಂದೂ ಬಿಡಿಬಿಡಿಯಾಗಿ, ಈಗಷ್ಟೇ ಉಜ್ಜಿ ಇಟ್ಟ ಹಾಗೆ ಕಂಡವು. ಅಷ್ಟು ಒಳ್ಳೆಯ ಚಂದ್ರನನ್ನು ಅವನು ಜನ್ಮದಲ್ಲಿ ನೋಡಿರಲಿಲ್ಲ, ನೋಡಿ ಅಷ್ಟು ಸಂಕಟವೂ ಎಂದೂ ಆಗಿರಲಿಲ್ಲ. ಐಪೀಸು ಬಂಗಾರದಂಥದ್ದು. ಅದರಲ್ಲಿ ಏನೇನೂ ಕುಂದಿರಲಿಲ್ಲ.

ಕೆಟ್ಟ ಮೇಣ ಬದಲಿಸಬಹುದು, ದೀಪ ಬದಲಿಸಬಹುದು. ಇದಕ್ಕೆ ಏನು ತರಿಸುವುದು, ಎಲ್ಲಿಂದ ತರಿಸುವುದು?

"ಏನಾಯ್ತು ರೀ?"

"ಬಲಗಣ್ಣಲ್ಲಿ ಮಾತ್ರ ಬಗ್ಗಿ ಕಾಣ್ತಿದೆ ಕಣೇ," ಎಂದ. ದನಿ ಅವನದೇ ಆಗಿದ್ದರೂ ಅಷ್ಟು ಸಣ್ಣದಾಗಿ ಅದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. "ಹಲ್ಲುಗಳೂ ಹಂಗೇ ಬಗ್ಗಿರ್ಬೇಕು. ನಾನು ನೆಟ್ಟಗೆ ಮಾಡ್ತಿದೀನಿ ಅಂತ ಬಗ್ಗಿಸಿ ಕಳಿಸ್ತಿದ್ದೆ."

"ಬೆಳಿಗ್ಗೆನೇ ಡಾಕ್ಟ್ರ ಹತ್ರ ಹೋಗೋಣ. ಔಷಧಿ ಇರತ್ತೆ ಅಕ್ಕ, ಅಲ್ವಾ?" ಎಂದ ಭಾಮೈದ.

ಹೆಂಡತಿ ಹೋಗಿ ಹಿತ್ತಲ ದೀಪ ಹಾಕಿದಳು. ಮೇಸ್ತ್ರಿ ಬೇಡ ಎನ್ನಲಿಲ್ಲ. ಅವಳು ಬಂದು ಅವನ ಎದುರಿಗೇ ನಿಂತು, ಅವನ ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು. ಅವಳ ಕೈ ತಣ್ಣಗಿತ್ತು.

"ನನ್ನ ನೋಡಿ," ಎಂದಳು. "ಹೇಗೆ ಕಾಣ್ತೀನಿ?"

ಮೇಸ್ತ್ರಿ ನೋಡಿದ. ಬೈತಲೆ ಕಂಡಿತು, ಕಿವಿ ಕಂಡವು, ಹೆಗಲ ಮೇಲಿನ ಬಟ್ಟೆ ಕಂಡಿತು. ಮುಖ ಇರಬೇಕಾದ ಕಡೆ ಮೂಗು, ಬಾಯಿ ಎಲ್ಲ ಒಂದಕ್ಕೊಂದು ಎಳೆದುಕೊಂಡು ಮುದುಡಿದ್ದವು. ಕಣ್ಣನ್ನು ಎಷ್ಟು ನೆಟ್ಟರೂ ನೆಟ್ಟಲ್ಲೇ ಅವಳು ಇನ್ನಷ್ಟು ಮುದುಡಿದಳು.

"ಇರೋ ಹಾಗೇ ಕಾಣ್ತೀಯ," ಎಂದ.

"ನಾನೀಗ ನಗ್ತಿದೀನಾ, ಅಳ್ತಿದೀನಾ?"

ಅವನು ಉಸಿರು ಬಿಗಿಹಿಡಿದು ಹುಡುಕಿದ. ಊರಿನವರ ನಗುವನ್ನೆಲ್ಲ ಮೇಜಿನ ಮೇಲಿಟ್ಟುಕೊಂಡು ತಿದ್ದಿದವನಿಗೆ ಒಂದು ಮೊಳ ದೂರದ ಬಾಯಿ ಸಿಕ್ಕಲಿಲ್ಲ.

"ನಗ್ತಿದೀಯ," ಎಂದ.

ಅವಳು ಕೈ ತೆಗೆದಳು. ಅವಳ ಕೆನ್ನೆ ಎರಡೂ ಒದ್ದೆಯಾಗಿದ್ದವು.