ಮಳೆ ತೊಳೆದ ಮರುದಿನ

ಹಿಮದ ಬೆಟ್ಟಗಳ ಕೆಳಗಿನ ಪಾಟನ್ ಊರಿನ ನಮ್ಮ ಬಹಾಲಿನಲ್ಲಿ, ಅಂದರೆ ನಾಲ್ಕೂ ಕಡೆ ಮನೆಗಳಿರುವ ನಮ್ಮ ದೊಡ್ಡ ಅಂಗಳದಲ್ಲಿ, ಚೈತ್ರ ಬಂತೆಂದರೆ ಮನೆಮನೆಯಲ್ಲೂ ಕೆಮ್ಮು. ಬೆಟ್ಟದ ಕಾಡಿಗೆ ಬಿದ್ದ ಬೆಂಕಿಯ ಹೊಗೆ, ಇಟ್ಟಿಗೆ ಗೂಡಿನ ಹೊಗೆ, ಅಗೆದಿಟ್ಟ ರಸ್ತೆಯ ಧೂಳು. ಆ ಸಲ ಮೂರು ತಿಂಗಳಿಂದ ಒಂದು ಹನಿ ಮಳೆಯಿರಲಿಲ್ಲ.

ಎಲ್ಲರಿಗಿಂತ ಹೆಚ್ಚು ಒದ್ದಾಡಿದವರು ಹೇರಾಕಾಜಿ ಅಜ್ಜ. ಅವರಿಗೆ ದಮ್ಮು. ಐವತ್ತು ವರ್ಷ ಭಜನೆ ಕಟ್ಟೆಯಲ್ಲಿ ಹಾಡಿದವರು ಇಪ್ಪತ್ತೆರಡು ದಿನದಿಂದ ಕಟ್ಟೆ ಹತ್ತಿರಲಿಲ್ಲ. ಹಾಡಲಾಗದ ಸಿಟ್ಟನ್ನೆಲ್ಲ ಹೆಂಡತಿ ಚಿರಿಮಾಯಾ ಅಜ್ಜಿಯ ಅಡುಗೆಯ ಮೇಲೆ ತೀರಿಸುತ್ತಿದ್ದರು.

ನಾನು ಕೇಶರಿ, ಈ ಓಣಿಯ ಆರೋಗ್ಯ ಸ್ವಯಂಸೇವಕಿ. ಮಾಸ್ಕ್ ಹಾಕಿ, ಕಸ ಸುಡಬೇಡಿ ಎಂದು ಹೇಳಿ ಹೇಳಿ ನನ್ನ ಗಂಟಲೂ ಒಣಗಿತ್ತು. ಚಿರಿಮಾಯಾ ಅಜ್ಜಿ ಕೇಳಬೇಕಲ್ಲ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು.

ಒಂದು ಸಂಜೆ ಗುಡುಗಿತು. ಗಾಳಿ ಎದ್ದಿತು. ಒಂದು ಗಂಟೆ ಜೋರು ಮಳೆ! ನಲ್ಲಿ ನೀರು ವಾರಕ್ಕೊಮ್ಮೆ ಬರುವ ಊರು ನೋಡಿ, ಎಲ್ಲರೂ ಸೂರಿನ ಕೆಳಗೆ ಬಿಂದಿಗೆ ಇಟ್ಟರು. ಮರುದಿನ ಬೆಳಿಗ್ಗೆ ಛಾವಣಿ ಹತ್ತಿದರೆ ಹಿಮದ ಬೆಟ್ಟಗಳು ಸಾಲಾಗಿ ಕಾಣುತ್ತಿದ್ದವು. ಅಜ್ಜ ಮೂರು ಮಹಡಿಯನ್ನು ಎಲ್ಲೂ ನಿಲ್ಲದೆ ಇಳಿದು ಬಂದರು.

"ಇವತ್ತು ಸಂಜೆ ಹಾಡ್ತೀನಿ ಕಣೇ!"

"ಹಾಡಿ, ಹಾಡಿ. ನನ್ನ ಸಾರಿಗೆ ಉಪ್ಪಿಲ್ಲ ಅನ್ನೋದಾದ್ರೂ ತಪ್ಪುತ್ತೆ," ಎಂದರು ಅಜ್ಜಿ. ಅವರ ಮುಖವೆಲ್ಲ ನಗು.

ಆ ಖುಷಿಯಲ್ಲೇ ಅಜ್ಜಿ ಇಡೀ ಅಂಗಳ ಗುಡಿಸಿದರು. ಒದ್ದೆ ಎಲೆ, ಜೋಳದ ಸಿಪ್ಪೆ, ಹಾಲಿನ ಪ್ಯಾಕೆಟ್ಟು ಎಲ್ಲ ಒಂದು ಗುಡ್ಡೆ ಮಾಡಿ ಕಡ್ಡಿ ಗೀರಿದರು. ಒದ್ದೆ ಕಸ ಉರಿಯುತ್ತದೆಯೇ? ದಟ್ಟ ಹೊಗೆ ಎದ್ದಿತು. ನಾನು ಓಡಿ ಬಂದೆ.

"ಅಜ್ಜೀ, ಏನಿದು?"

"ಕಣ್ಣು ಕಾಣಲ್ವೇನೇ? ಕಸ. ಇಂದ್ರ ಆಕಾಶಾನೇ ತೊಳೆದಿಟ್ಟಿದ್ದಾನೆ. ಅಷ್ಟು ದೊಡ್ಡ ಆಕಾಶಕ್ಕೆ ಇಷ್ಟು ಹೊಗೆ ಯಾವ ಲೆಕ್ಕ?"

"ತೊಳೆದ ನೀರು ನೋಡಿದ್ರಾ?" ಎಂದು ಅವರ ಬಿಂದಿಗೆಗಳನ್ನು ತೋರಿಸಿದೆ. ಮಳೆ ಶುರುವಾದಾಗ ತುಂಬಿದ ಬಿಂದಿಗೆಯಲ್ಲಿ ಕಾಡಿಗೆ ಕಲಸಿದಂಥ ನೀರು. ಕೊನೆಗೆ ತುಂಬಿದ್ದು ತಿಳಿಯಾಗಿತ್ತು.

"ಅದು ಹೆಂಚಿನ ಕೊಳೆ ಕಣೇ."

"ಹೆಂಚಿಗೆ ಎಲ್ಲಿಂದ ಬಂತು? ಗಾಳಿಯಿಂದ ತಾನೆ? ಮಳೆ ಹನಿ ಬೀಳ್ತಾ ಗಾಳೀಲಿರೋ ಧೂಳು, ಮಸಿ ಹಿಡ್ಕೊಂಡು ಇಳಿಯುತ್ತೆ. ಅದಕ್ಕೇ ಮೊದಲ ಮಳೆ ನೀರು ಕುಡೀಬಾರ್ದು. ಆದ್ರೆ ದಪ್ಪ ಧೂಳು ಸಿಕ್ಕಷ್ಟು ಸುಲಭವಾಗಿ ಸಣ್ಣ ಕಣ ಸಿಗಲ್ಲ. ಎದೆ ಒಳಗೆ ಆಳಕ್ಕೆ ಇಳಿಯೋದು ಅದೇ. ಬರೀ ತುಂತುರು ಹನಿದ್ರಂತೂ ಅದಕ್ಕೆ ಏನೂ ಆಗಲ್ಲ."

"ನಿನ್ನೆ ಬಂದಿದ್ದು ತುಂತುರಾ? ಒಂದು ಗಂಟೆ ಸುರಿದಿದೆ!"

"ಸುರಿದಿದ್ದಕ್ಕೇ ಅಜ್ಜ ಕೆಳಗಿಳಿದು ಬಂದ್ರು. ಈಗ ನೀವೇ ಮತ್ತೆ ಹೊಗೆ ತುಂಬಿಸ್ತಿದ್ದೀರಲ್ಲ! ನಾಲ್ಕೂ ಕಡೆ ಗೋಡೆ. ಹೊಗೆ ಎಲ್ಲಿಗೆ ಹೋಗ್ಬೇಕು ಹೇಳಿ?"

"ಎರಡು ದಿನ ತರಬೇತಿಗೆ ಹೋಗಿ ಸಮೋಸ ತಿಂದು ಬಂದವಳು ನನಗೆ ಬುದ್ಧಿ ಹೇಳ್ತಾಳೆ!"

"ಸಮೋಸಾನೂ ತಿಂದೆ, ಪಾಠಾನೂ ಕೇಳಿದೆ ಅಜ್ಜಿ."

ಅಷ್ಟರಲ್ಲಿ ಹಿಂದೆ ಕೆಮ್ಮು ಕೇಳಿತು. ಅಜ್ಜ ಗೋಡೆ ಹಿಡಿದು ಬಗ್ಗಿದ್ದರು. ಉಸಿರು ಎಳೆದರೆ ಎದೆಯಲ್ಲಿ ಸಿಳ್ಳೆ. ಬೆಳಗಿನ ಆ ನಗುಮುಖ ಬಿಳಿಚಿಹೋಗಿತ್ತು. ಅಜ್ಜಿ ಆ ಕಪ್ಪು ನೀರಿನ ಬಿಂದಿಗೆ ಎತ್ತಿ ಬೆಂಕಿಗೆ ಸುರಿದೇಬಿಟ್ಟರು. ನಾನು ಅಜ್ಜನನ್ನು ಹೊಗೆಯಿಂದ ದೂರ ಕೂರಿಸಿ, ಅವರ ಜೇಬಿನಲ್ಲಿದ್ದ ದಮ್ಮಿನ ಇನ್ಹೇಲರ್ ಪಂಪು ಕೊಟ್ಟೆ. ಉಸಿರು ಹದಕ್ಕೆ ಬರಲು ಅರ್ಧ ಗಂಟೆ ಬೇಕಾಯಿತು.

"ನಾನೇ ಮಾಡಿದೆನಲ್ಲೇ ಕೇಶರಿ," ಎಂದು ಅಜ್ಜಿ ಅತ್ತರು. ನನಗೂ ಅಳು ಬಂತು.

ಅಜ್ಜ ಅಂದು ಹಾಡಲಿಲ್ಲ. ಭಜನೆಯವರೇ ನಮ್ಮ ಅಂಗಳಕ್ಕೆ ಬಂದರು. ಅಜ್ಜ ಕಿಟಕಿಯಲ್ಲಿ ಕೂತು ತಾಳ ಹಾಕಿದರು. ಅಜ್ಜಿ ಎಲ್ಲರಿಗೂ ದಪ್ಪ ದೋಸೆಯಂಥ ಉದ್ದಿನ ಬಾರಾ ಹುಯ್ದು ಕೊಟ್ಟರು. "ಉಪ್ಪು ಕಮ್ಮಿ," ಎಂದು ಅಜ್ಜ ಮೇಲಿಂದ ಕೂಗಿದಾಗ ನಮಗೆಲ್ಲ ಜೀವ ಬಂತು.

ಮೂರನೆಯ ದಿನ ಮಬ್ಬು ಮತ್ತೆ ಕವಿಯಿತು. ಹಿಮದ ಬೆಟ್ಟಗಳು ಮಾಯ. ಅಜ್ಜಿ ಯಾರೂ ಹೇಳದೆಯೇ ಮಾಸ್ಕ್ ಹುಡುಕಿ ಅಜ್ಜನ ಮೂಗಿಗೆ ಕಟ್ಟಿದರು. ಒಣ ಕಸ ನಗರಪಾಲಿಕೆಯ ಗಾಡಿಗೆ ಹೋಯಿತು, ಎಲೆ ಸಿಪ್ಪೆ ಗೊಬ್ಬರದ ಡ್ರಮ್ಮಿಗೆ. ನೀರು ಚಿಮುಕಿಸಿ ಗುಡಿಸುವುದೂ ಶುರುವಾಯಿತು. ಹದಿನೈದು ದಿನ ಅಂಗಳದಲ್ಲಿ ಹೊಗೆಯಿಲ್ಲ, ಔಷಧಿ ತಪ್ಪಲಿಲ್ಲ. ಅಜ್ಜ ಕಟ್ಟೆ ಹತ್ತಿ ಒಂದು ಪದ ಪೂರ್ತಿ ಹಾಡಿದರು.

ಆಮೇಲೊಂದು ದಿನ ಮತ್ತೆ ಮಳೆ ಬಂತು. ಮರುದಿನ ಪಕ್ಕದ ಮನೆಯ ಪಂಚನಾರಾಯಣ ಕಸದ ಮುಂದೆ ಕಡ್ಡಿಪೆಟ್ಟಿಗೆ ತೆಗೆದ. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ಗುಡುಗಿದರು:

"ಏಯ್, ಇಡೋ ಅದನ್ನ! ಮಳೆ ಏನು ನಿಮ್ಮನೆ ಮುಸುರೆ ತಿಕ್ಕೋಕೆ ಬರೋಳಾ? ನೀನು ಗಲೀಜು ಮಾಡ್ತಿರೋದು, ಅವಳು ತೊಳೀತಿರೋದು!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಊರಿನಲ್ಲೂ ಮಳೆ ಬಂದು ಆಕಾಶ ತಿಳಿಯಾಗುತ್ತದೆ. ಕಿಟಕಿ ತೆರೆಯಿರಿ, ಚೆನ್ನಾಗಿ ಉಸಿರಾಡಿ. ಕಸಕ್ಕೆ ಮಾತ್ರ ಕಡ್ಡಿ ಗೀರಬೇಡಿ. ಮಬ್ಬು ಕವಿದ ದಿನ ಮಾಸ್ಕ್ ಮರೆಯಬೇಡಿ. ಹತ್ತಿರದ ಕೆಲಸಕ್ಕೆ ಗಾಡಿ ಬಿಟ್ಟು ನಡೆದು ಹೋಗಿ. ನಿಮ್ಮ ಓಣಿಯಲ್ಲೂ ಉಸಿರಿಗೆ ಕಷ್ಟಪಡುವವರು ಒಬ್ಬರಾದರೂ ಇರುತ್ತಾರೆ. ಮಳೆ ಅವರಿಗೆ ಎರಡು ಒಳ್ಳೆಯ ದಿನ ಕೊಟ್ಟು ಹೋಗುತ್ತದೆ. ಮೂರನೆಯ ಒಳ್ಳೆಯ ದಿನ ಕೊಡಬೇಕಾದವರು ನಾವು.