ನಡಾವಳಿಗೆ ಸೇರಿದ ಮಾತು

ಗೇಟು ಬಿದ್ದರೆ ತಮ್ಮನ ಅಂಗಡಿ ತುಂಬುತ್ತದೆ. ರೈಲು ಬರುವುದಕ್ಕೆ ಇಪ್ಪತ್ತು ನಿಮಿಷ ಮೊದಲೇ ಹಳಿಯ ಎರಡೂ ಕಡೆ ಕಂಬಿ ಇಳಿಯುತ್ತದೆ. ನಿಂತು ನಿಂತು ಬೇಸತ್ತವರು, ಹೇಗೂ ಹೊತ್ತು ಹಾಳಾಗುತ್ತಿದೆಯಲ್ಲ ಎಂದು ಒಳಗೆ ಬಂದು ಮುಖ ಒಡ್ಡುತ್ತಾರೆ. ಅಪ್ಪನ ಕಾಲದಿಂದಲೂ ಈ ಕ್ಷೌರದಂಗಡಿಗೆ ಅನ್ನ ಹಾಕಿದ್ದು ಕತ್ತರಿಗಿಂತ ಹೆಚ್ಚಾಗಿ ಆ ಗೇಟು.

ಆ ಬೆಳಿಗ್ಗೆ ಬೆಂಚಿನ ಮೇಲೆ ಮೂವರು ಗಿರಾಕಿಗಳಿದ್ದರು. ನಾಲ್ಕನೆಯವಳು ಅಕ್ಕ. ಕೂರುತ್ತಾಳೆ, ಏಳುತ್ತಾಳೆ, ಬಾಗಿಲಿಗೆ ಹೋಗಿ ಹಳಿ ನೋಡುತ್ತಾಳೆ, ಮತ್ತೆ ಬಂದು ಕೂರುತ್ತಾಳೆ. ಕೂತಾಗ ಬಲಗೈಯ ತೋರುಬೆರಳು ತೊಡೆಯ ಮೇಲೆ ಏನೋ ಗೀಚುತ್ತಿರುತ್ತದೆ. ರಾಜಧಾನಿಯಲ್ಲಿ, ದೇಶದ ಸಂಸತ್ತಿನಲ್ಲಿ, ಮೂವತ್ತೊಂದು ವರ್ಷ ಸದಸ್ಯರ ಮಾತನ್ನು ಶೀಘ್ರಲಿಪಿಯಲ್ಲಿ ಬರೆದುಕೊಂಡ ಬೆರಳು ಅದು. ನಿವೃತ್ತಿಯಾಗಿ ಒಂದು ವರ್ಷವಾದರೂ ಯಾರು ಬಾಯಿ ತೆರೆದರೂ ಅದು ಓಡುತ್ತದೆ. ಊರಿನವರು ಇಟ್ಟ ಹೆಸರು ಗೀಟಕ್ಕ.

"ನಿಮ್ಮಕ್ಕನ ಕಾಲಿಗೆ ಚಕ್ರ ಕಟ್ಟಿದ್ದೀರೇನಯ್ಯಾ?" ಎಂದ ಕುರ್ಚಿಯಲ್ಲಿದ್ದ ಹಾಲಿನವನು, ನೊರೆಯೊಳಗಿಂದ.

"ಚುನಾವಣೆಗೆ ನಿಂತವರು ಕೂರೋಕಾಗುತ್ತಾ? ನೀನು ಗಲ್ಲ ಅಲ್ಲಾಡಿಸಬೇಡ."

ಕನ್ನಡಿಯ ಮೇಲೆ ತಮ್ಮ ತಾನೇ ಬರೆದು ತೂಗುಹಾಕಿದ್ದ ಕಪ್ಪು ಹಲಗೆ: 'ಪಕ್ಷೇತರ ಅಭ್ಯರ್ಥಿ. ಚಿಹ್ನೆ ಏಣಿ. ಮೂವತ್ತೊಂದು ವರ್ಷ ಬರೆದರು, ಒಂದು ತಪ್ಪೂ ಇಲ್ಲ.' ನಾಮಪತ್ರಕ್ಕೆ ಬೇಕಾದ ಹತ್ತು ಸೂಚಕರ ಸಹಿಯನ್ನೂ ಅವನೇ ಇದೇ ಕುರ್ಚಿಯಲ್ಲಿ ಹಾಕಿಸಿಕೊಂಡಿದ್ದ. ಅದರಲ್ಲಿ ನಾಲ್ಕು ಸಹಿಗೆ ಸೋಪಿನ ಕಲೆ ಅಂಟಿತ್ತು. ಏಣಿ ಚಿಹ್ನೆ ಬಂದ ದಿನ ಅಂಗಡಿಯೆಲ್ಲ ನಕ್ಕಿತ್ತು: ಹಳಿಯ ಮೇಲೆ ಸೇತುವೆ ಆಗದಿದ್ದರೂ ಚಿಂತೆಯಿಲ್ಲ, ಗೀಟಕ್ಕನ ಏಣಿ ಇಟ್ಟು ರೈಲಿನ ಮೇಲೇ ಹತ್ತಿ ಇಳಿಯಬಹುದು.

ತಮ್ಮನ ಹೆಂಡತಿ ಬಿಸಿನೀರಿನ ಚೊಂಬು ತಂದಿಟ್ಟಳು. "ಅತ್ತಿಗೆ, ನಿಜ ಹೇಳಿ. ನೀವು ಗೆದ್ದು ಸೇತುವೆ ಆದ್ರೆ ಗೇಟು ಇರಲ್ಲ. ಗೇಟು ಇಲ್ಲದಿದ್ರೆ ಇಲ್ಲಿ ಯಾರು ಬರ್ತಾರೆ? ಅಕ್ಕ ತಮ್ಮ ಇಬ್ಬರೂ ಸೇರಿ ಕೂತ ಕೊಂಬೆ ಕಡೀತಿದ್ದೀರಿ."

"ಗಡ್ಡ ಎಲ್ಲಿದ್ರೂ ಬೆಳೆಯುತ್ತೆ ಕಣೇ," ಎಂದ ತಮ್ಮ. "ಇವತ್ತು ಮೂರು ಗಂಟೆಗೆ ಶಾಲೆಯ ಸಭಾಂಗಣಕ್ಕೆ ಎಲ್ಲರೂ ಬನ್ನಿ. ನಾಲ್ವರೂ ಅಭ್ಯರ್ಥಿಗಳು, ಒಬ್ಬೊಬ್ಬರಿಗೆ ಹತ್ತು ನಿಮಿಷ. ನಮ್ಮಕ್ಕ ಮಾತಾಡೋದನ್ನ ಕೇಳಿ."

ಅಕ್ಕ ಮತ್ತೆ ಎದ್ದು ಬಾಗಿಲಿಗೆ ಹೋದಳು. ಹಳಿಯಾಚೆಯ ಗೋಡೆಯ ಮೇಲೆ ಆಳೆತ್ತರದ ಅಕ್ಷರ: 'ಮೇಲ್ಸೇತುವೆ ಕಟ್ಟಿಯೇ ತೀರುತ್ತೇನೆ. ಸದನದಲ್ಲಿ ಕೊಟ್ಟ ಮಾತು.' ಕೆಳಗೆ ಹಾಲಿ ಸಂಸತ್ ಸದಸ್ಯರ ನಗುಮುಖ. ಕಳೆದ ಚುನಾವಣೆಗೆ ಬರೆಸಿದ ಮಾತಿಗೆ ಈ ಸಲ ಹೊಸ ಬಣ್ಣ ಬಂದಿತ್ತು.

ಆ ಮಾತನ್ನು ಅವರು ಆಡಿರಲಿಲ್ಲ. ಅದು ಅವಳಿಗೊಬ್ಬಳಿಗೆ ಗೊತ್ತಿತ್ತು.

ಆರು ವರ್ಷದ ಹಿಂದೆ ಸದನದಲ್ಲಿ ಚರ್ಚೆಯ ನಡುವೆ ಯಾರೋ ಎದ್ದು ಇವರನ್ನು, ನಿಮ್ಮ ಕ್ಷೇತ್ರದ ರೈಲ್ವೆ ಗೇಟಿಗೆ ಮೇಲ್ಸೇತುವೆ ಯಾವಾಗ ಕಟ್ಟುತ್ತೀರಿ ಎಂದು ಕೇಳಿದ್ದರು. ಸದಸ್ಯರು ಎದ್ದರು. ನೀರಿನ ಲೋಟ ಎತ್ತಿದರು, ಕುಡಿದರು, ಲೋಟ ಇಟ್ಟರು, ಕೂತರು. ಗೋಡೆಯ ಗಡಿಯಾರದಲ್ಲಿ ಹನ್ನೊಂದು ಸೆಕೆಂಡು. ಅವಳ ಪುಸ್ತಕದಲ್ಲಿ ಆ ಹನ್ನೊಂದು ಸೆಕೆಂಡಿಗೆ ಒಂದು ಗೀಟೂ ಇರಲಿಲ್ಲ. ಟೈಪು ಮಾಡಲು ಕೂತಾಗ ಪ್ರಶ್ನೆಯ ಕೆಳಗಿನ ಬಿಳಿ ಜಾಗ ಅವಳನ್ನೇ ದಿಟ್ಟಿಸಿತು. ಓದಿದವರು ಬರೆಯುವವಳು ನಿದ್ದೆ ಹೋಗಿದ್ದಳು ಅಂದುಕೊಳ್ಳುತ್ತಾರೆ ಎಂಬ ಅಳುಕು ಒಂದು. ಅದಕ್ಕಿಂತ ಹೆಚ್ಚಾಗಿ ಆ ಗೇಟು. ಅಪ್ಪ ಅಂಗಡಿಯಲ್ಲೇ ಎದೆ ಹಿಡಿದು ಕುಸಿದ ದಿನ ಆಸ್ಪತ್ರೆಯ ಗಾಡಿ ಅದರಾಚೆ ನಿಂತಿತ್ತು. ಐವತ್ತೆಂಟು ಡಬ್ಬಿಯ ಗೂಡ್ಸು, ಎಣಿಸ್ತಾ ಇದ್ದೆ ಅಕ್ಕ, ಎಂದು ತಮ್ಮ ಫೋನಿನಲ್ಲಿ ಹೇಳಿದ್ದ. ಅದು ನೆನಪಾಗಿ ಬೆರಳು ಆ ಬಿಳಿ ಜಾಗದಲ್ಲಿ ಒಂದು ವಾಕ್ಯ ಟೈಪು ಮಾಡಿತು. ತಿದ್ದಲೆಂದು ಸದಸ್ಯರಿಗೆ ಹೋದ ಪ್ರತಿ ಸಹಿಯಾಗಿ ಹಾಗೇ ವಾಪಸು ಬಂತು. ನಡಾವಳಿಯಲ್ಲಿ ಅಚ್ಚಾಯಿತು. ಆಮೇಲೆ ಗೋಡೆ ಏರಿತು.

ನಿವೃತ್ತಳಾಗಿ ಊರಿಗೆ ಬಂದ ಮೇಲೆ ಗೇಟು ಬಿದ್ದಾಗಲೆಲ್ಲ ತನ್ನದೇ ವಾಕ್ಯದ ಎದುರು ನಿಲ್ಲಬೇಕಾಯಿತು. ಜನ ಅದನ್ನು ತೋರಿಸಿ, "ಸದನದಲ್ಲೇ ಹೇಳಿದ್ದಾರಂತೆ, ಆಗಿಯೇ ಆಗುತ್ತೆ" ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಒಂದು ದಿನ ಇದ್ದಕ್ಕಿದ್ದ ಹಾಗೆ ತಮ್ಮನಿಗೆ, "ನಾನು ನಿಲ್ತೀನಿ" ಎಂದಳು. ಸದನಕ್ಕೆ ಹೋಗಿ ಅದೇ ಪ್ರಶ್ನೆಯನ್ನು ತಾನೇ ಕೇಳಬೇಕು ಎಂದಷ್ಟೇ ಹೊಳೆದಿತ್ತು. ಕಾರಣ ಹೇಳಲಿಲ್ಲ. ಅವನು ಕೇಳಲೂ ಇಲ್ಲ, ಹಲಗೆ ಬರೆಯಲು ಕೂತ. ಅವನು ಬರೆದ ಕೊನೆಯ ಸಾಲು ಓದಿ ಅವಳ ಬಾಯಿ ಕಟ್ಟಿಹೋಯಿತು. ಅವಳನ್ನು ನಂಬಲು ಜನಕ್ಕಿದ್ದ ಕಾರಣ ಅದೊಂದೇ.

ಮೂರು ಗಂಟೆಗೆ ಸಭಾಂಗಣದಲ್ಲಿ ಮಕ್ಕಳ ಗಿಡ್ಡ ಬೆಂಚುಗಳ ಮೇಲೆ ದೊಡ್ಡವರು ಮೊಣಕಾಲು ಮಡಚಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ತಮ್ಮ, ಅವನ ಹೆಂಡತಿ, ಹಾಲಿನವನು. ವೇದಿಕೆಯ ಮೇಲೆ ಅವಳದು ಕೊನೆಯ ಕುರ್ಚಿ. ಮೊದಲಿನ ಇಬ್ಬರು ಮಾತಾಡಿದ್ದನ್ನೆಲ್ಲ ಬೆರಳು ಸೀರೆಯ ಮೇಲೆ ಬರೆದುಕೊಂಡಿತು. ತನ್ನ ಭಾಷಣದ ಒಂದು ಪದವೂ ನೆನಪಿರಲಿಲ್ಲ.

ಸದಸ್ಯರು ದಪ್ಪ ರಟ್ಟಿನ ಪುಸ್ತಕ ಹಿಡಿದುಕೊಂಡು ಎದ್ದರು. "ಇದು ಸದನದ ನಡಾವಳಿ. ನನ್ನ ಮಾತು ಗಾಳಿಯಲ್ಲಿ ಆಡಿದ್ದಲ್ಲ, ಅಚ್ಚಾಗಿದೆ," ಎಂದು ಆ ವಾಕ್ಯ ಓದಿದರು. ಚಪ್ಪಾಳೆ ಬಿತ್ತು. ಆಮೇಲೆ ತುಂಬು ಪ್ರೀತಿಯಿಂದ ಅವಳ ಕಡೆ ತಿರುಗಿದರು. "ಆವತ್ತು ಬರೆದುಕೊಂಡ ತಾಯಿ ಇಲ್ಲೇ ಇದ್ದಾರೆ. ನನ್ನ ಎದುರಾಳಿ ಇರಬಹುದು, ಆದ್ರೆ ಮೂವತ್ತೊಂದು ವರ್ಷದಲ್ಲಿ ಒಂದು ತಪ್ಪು ಬರೆದವರಲ್ಲ. ನನ್ನನ್ನ ನಂಬಬೇಡಿ, ಅವರನ್ನೇ ಕೇಳಿ!"

ಮುಂದಿನ ಸಾಲಿನಲ್ಲಿದ್ದ ತಮ್ಮ, ಹೆಂಡತಿಯ ಪಕ್ಕೆಗೆ ಮೊಣಕೈ ತಿವಿದ. ನೋಡಿದೆಯಾ, ವೈರಿ ಬಾಯಲ್ಲೂ ಅದೇ ಮಾತು! ಅವನ ಮುಖ ಅರಳಿದ್ದನ್ನು ಅಕ್ಕ ನೋಡಿದಳು. ತಲೆಯಾಡಿಸಿದರೆ ಸಾಕಿತ್ತು. ಆ ತಪ್ಪು ಸತ್ತು ಮಣ್ಣಾಗುತ್ತಿತ್ತು.

ಬೆರಳು ನಿಂತುಹೋಗಿತ್ತು. ಅವಳು ಎದ್ದಳು.

"ಅವರು ಆ ಮಾತು ಆಡ್ಲಿಲ್ಲ."

ಮೈಕು ಕುಂಯ್ ಎಂದಿತು. ಯಾರಿಗೂ ಅರ್ಥವಾಗಲಿಲ್ಲ.

"ಯಾವಾಗ ಕಟ್ತೀರಿ ಅಂತ ಕೇಳಿದ್ರು. ಇವರು ನೀರು ಕುಡಿದು ಕೂತ್ರು. ಆ ವಾಕ್ಯ ನಾನು ಬರೆದಿದ್ದು. ನನ್ನದು. ಇವರದಲ್ಲ."

ಗಿಡ್ಡ ಬೆಂಚುಗಳು ಒಟ್ಟಿಗೇ ಕಿರುಗುಟ್ಟಿದವು. "ಅಂದ್ರೆ ಆರು ವರ್ಷದಿಂದ ನಾವು ನಂಬಿದ್ದು ನಿಮ್ಮ ಕಟ್ಟುಕಥೆನಾ?" ಎಂದು ಹಾಲಿನವನು ಎದ್ದೇ ನಿಂತ. "ಮತ್ತೆ ಏನೇನು ಸೇರಿಸಿದ್ದೀರಮ್ಮಾ?" ಎಂದು ಹಿಂದಿನಿಂದ ಇನ್ನೊಬ್ಬ. ಅವಳು ತಮ್ಮನ ಕಡೆ ನೋಡಲಿಲ್ಲ.

"ಸುಳ್ಳು!" ಸದಸ್ಯರು ಪುಸ್ತಕವನ್ನು ಮೇಜಿಗೆ ಕುಟ್ಟಿದರು. "ನಾನು ಆಡಿದ್ದೇನೆ! ನನ್ನ ಮಾತು ನನಗೆ ಗೊತ್ತಿಲ್ವಾ?"

"ಆಡ್ಲಿಲ್ಲ."

"ಆಡಿದ್ದೇನೆ! ಈಗಲೂ ಆಡ್ತೇನೆ, ಕಟ್ಟಿಯೇ ತೀರುತ್ತೇನೆ!"

ಗೋಡೆಗೆ ಒರಗಿ ನಿಂತಿದ್ದ ಗೇಟ್‌ಮ್ಯಾನ್ ಕೈ ಎತ್ತಿದ. ಹಳಿಯ ಹತ್ತಿರ ಊರಿನವರ ಬೈಗುಳವನ್ನೆಲ್ಲ ತಿನ್ನುವವನು ಅವನು. "ಸ್ವಾಮೀ, ಅದೆಲ್ಲ ಆಮೇಲೆ. ಯಾವಾಗ ಅಂತ ಹೇಳಿಬಿಡಿ. ದಿನಾ ಬೈಸಿಕೊಳ್ಳೋನು ನಾನು."

ಸದಸ್ಯರು ಅವನನ್ನು ನೋಡಿದರು. ಪುಸ್ತಕ ನೋಡಿದರು. ಅವರ ಕೈ ತಾನಾಗಿ ನೀರಿನ ಲೋಟದ ಕಡೆ ಹೋಯಿತು. ಎತ್ತಿದರು, ಕುಡಿದರು, ಲೋಟ ಇಟ್ಟರು. ಇಡೀ ಸಭಾಂಗಣ ಅವರ ಗಂಟಲು ಏರಿ ಇಳಿಯುವುದನ್ನು ನೋಡುತ್ತಿತ್ತು. ಅವರು ಕೂತರು. ಈ ಸಲ ಗೀಟಕ್ಕ ಏನನ್ನೂ ಸೇರಿಸಲಿಲ್ಲ.

ಎಲ್ಲಿಂದಲೋ ಒಂದು ನಗು ಬಂತು. ಅದು ಸದಸ್ಯರ ಮೇಲಿನದೋ, ತನ್ನ ಮೇಲಿನದೋ, ಅವಳಿಗೆ ಗೊತ್ತಾಗಲಿಲ್ಲ. ಅವಳ ಹತ್ತು ನಿಮಿಷ ಗದ್ದಲದಲ್ಲೇ ಮುಗಿದುಹೋಯಿತು.

ಮನೆಗೆ ಹೋಗುವಾಗ ಗೇಟು ಬಿದ್ದಿತ್ತು. ಅಕ್ಕ, ತಮ್ಮ, ಅವನ ಹೆಂಡತಿ, ಮೂವರೂ ಕಂಬಿಗೆ ಕೈಯಿಟ್ಟು ನಿಂತರು. ಬೆನ್ನ ಹಿಂದೆ ಆ ಗೋಡೆ.

"ನನಗೊಂದು ಮಾತು ಮೊದಲೇ ಹೇಳಬಾರದಿತ್ತಾ ಅಕ್ಕ?" ತಮ್ಮ ಹಳಿ ನೋಡುತ್ತಲೇ ಕೇಳಿದ. "ಊರಿಗೆಲ್ಲ ಸಾರಿಕೊಂಡು ಬಂದೆನಲ್ಲ ನಾನು. ಒಂದು ತಪ್ಪೂ ಇಲ್ಲ, ಒಂದು ತಪ್ಪೂ ಇಲ್ಲ ಅಂತ."

ಗೂಡ್ಸು ಬಂತು. ತಮ್ಮನ ತುಟಿ ಅಲ್ಲಾಡುತ್ತಿತ್ತು. ಡಬ್ಬಿ ಎಣಿಸುತ್ತಿದ್ದಾನೆ ಎಂದು ಅವಳಿಗೆ ತಿಳಿಯಿತು. ಕೊನೆಯ ಡಬ್ಬಿ ದಾಟಿದರೂ ಎಷ್ಟು ಎಂದು ಅವನು ಹೇಳಲಿಲ್ಲ.

ಅಂಗಡಿಗೆ ಬಂದವನೇ ಕುರ್ಚಿಯ ಮೇಲೆ ಹತ್ತಿ ಹಲಗೆ ಇಳಿಸಿದ. ಹೆಗಲ ಮೇಲಿನ ಟವೆಲಿನಿಂದ ಕೊನೆಯ ಸಾಲು ಒರೆಸಿದ. ಸೀಮೆಸುಣ್ಣ ಹಿಡಿದು ಹಲಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಆಮೇಲೆ ಬರೆದ: 'ಮೂವತ್ತೊಂದು ವರ್ಷ ಬರೆದರು. ಒಂದು ತಪ್ಪು.'

"ಇದನ್ನ ನೋಡಿ ಯಾರ್ರೀ ಓಟು ಹಾಕ್ತಾರೆ?" ಎಂದಳು ಹೆಂಡತಿ.

"ಗೊತ್ತಿಲ್ಲ," ಎಂದ. ಅಕ್ಕನ ಕಡೆ ಇನ್ನೂ ತಿರುಗಿರಲಿಲ್ಲ. "ಒಂದೇ ತಾನೇ, ಅಕ್ಕ?"

"ಒಂದೇ."

ಅವನು ಹಲಗೆಯನ್ನು ಮೊಳೆಗೆ ಸಿಕ್ಕಿಸಿದ. ಹೊರಗೆ ಮತ್ತೆ ಗಂಟೆ ಹೊಡೆಯಿತು, ಕಂಬಿ ಇಳಿಯತೊಡಗಿತು. ಬಾಗಿಲಲ್ಲಿ ಒಬ್ಬ ಗಿರಾಕಿ ಬಂದು ನಿಂತು, ಗಲ್ಲ ಸವರಿಕೊಳ್ಳುತ್ತ ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದತೊಡಗಿದ. ಅಕ್ಕ ಕೂರಲಿಲ್ಲ. ಅವನು ಓದಿ ಮುಗಿಸುವುದನ್ನೇ ಕಾಯುತ್ತ ನಿಂತಿದ್ದಳು.